ಒಂದು ಮೇಲ್ ಕಳ್ಸೋಕೆ ಒಂದೂವರೆ ಗಂಟೆ

ನನ್ನ ಹತ್ರ ಕೌನ್ಸೆಲಿಂಗಿಗೆ ಬಂದ ಒಬ್ರ ಕಥೆ ಇದು. ಹೆಸ್ರು, ಊರು, ಕೆಲ್ಸದ ವಿವರ ಎಲ್ಲ ಬದಲಾಯ್ಸಿದೀನಿ, ಒಪ್ಪಿಗೆ ತಗೊಂಡೇ ಬರೀತಿದೀನಿ. ಮಂಜು ಅಂತ ಇಟ್ಕೊಳ್ಳೋಣ. 27 ವರ್ಷ, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಆಮೇಲೆ ಡಿಪ್ಲೊಮಾ, ಈಗ ಬೆಂಗಳೂರಲ್ಲಿ ಒಂದು ಸಪೋರ್ಟ್ ಟೀಮಲ್ಲಿದಾರೆ. "ಭಾನುವಾರ ಸಂಜೆ ಆಯ್ತು ಅಂದ್ರೆ ಹೊಟ್ಟೆ ತೊಳಸತ್ತೆ ಮೇಡಂ, ಒಂದ್ ಮೇಲ್ ಬರಿಯೋಕೆ ಒಂದೂವರೆ ಗಂಟೆ ಬೇಕು, ಬರೆದ್ರೂ ಪಕ್ಕದೋರ ಕೈಲಿ ಕಳ್ಸ್ತೀನಿ" ಅಂದ್ರು.

ಶುರುವಾಗಿದ್ದು ಎರಡು ಕಾಮಾದಿಂದ. ರಾತ್ರಿ ಶಿಫ್ಟಲ್ಲಿರೋ ಎಂಜಿನಿಯರ್‌ಗಳಿಗೆ ಮಾತ್ರ ಆಕ್ಸೆಸ್ ಇಲ್ಲ ಅಂತ ಕ್ಲೈಂಟಿಗೆ ತಿಳಿಸ್ಬೇಕಿತ್ತು. ಇವ್ರು ಬರೆದಿದ್ದು: "ದಿ ಎಂಜಿನಿಯರ್ಸ್, ಹೂ ಆರ್ ಆನ್ ನೈಟ್ ಶಿಫ್ಟ್, ಹ್ಯಾವ್ ನೋ ಆಕ್ಸೆಸ್." ಆ ಎರಡು ಕಾಮಾ ಇದ್ರೆ ಇಂಗ್ಲಿಷಲ್ಲಿ ಅರ್ಥ ಬೇರೆ, ಎಂಜಿನಿಯರ್‌ಗಳು ಎಲ್ಲರೂ ನೈಟ್ ಶಿಫ್ಟಲ್ಲಿದಾರೆ, ಒಬ್ರಿಗೂ ಆಕ್ಸೆಸ್ ಇಲ್ಲ ಅಂತ. ಕ್ಲೈಂಟ್ ಗಾಬರಿಯಾಗಿ ಫೋನ್ ಮಾಡಿದ್ರು, ಮ್ಯಾನೇಜರ್ ಇಡೀ ಟೀಮ್ ಮುಂದೆ ಆ ಮೇಲನ್ನ ಸ್ಕ್ರೀನ್ ಮೇಲೆ ಹಾಕಿ ತಿದ್ದಿದ್ರು. ಅವತ್ತಿಂದ ಕೈ ಓಡ್ತಿಲ್ಲ.

"ಇದೇನ್ ದೊಡ್ಡ ವಿಷ್ಯ ಬಿಡಿ" ಅಂತ ನಾನು ಹೇಳ್ಲಿಲ್ಲ, ಯಾಕಂದ್ರೆ ಕಾಮಾ ನಿಜವಾಗ್ಲೂ ಸಣ್ಣ ವಿಷ್ಯ ಅಲ್ಲ. ಅಮೆರಿಕದ ಮೇನ್ (Maine) ಅನ್ನೋ ರಾಜ್ಯದಲ್ಲಿ ಓಕ್‌ಹರ್ಸ್ಟ್ ಡೈರಿ ಅನ್ನೋ ಹಾಲಿನ ಕಂಪನಿ ಡ್ರೈವರ್‌ಗಳು ಓವರ್‌ಟೈಮ್ ದುಡ್ಡಿಗೆ ಕೇಸ್ ಹಾಕಿದ್ರು, ಕಾನೂನಿನ ಒಂದು ಪಟ್ಟಿಯಲ್ಲಿ ಕೊನೇ 'ಆರ್' (or) ಹಿಂದೆ ಕಾಮಾ ಇಲ್ದೆ ಅರ್ಥ ಎರಡಾಗಿತ್ತು, 2017ರಲ್ಲಿ ಅಪೀಲ್ ಕೋರ್ಟ್ ಡ್ರೈವರ್‌ಗಳ ಕಡೆ ನಿಂತಿತು, 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿ ಆಯ್ತು. ಕಾನೂನು ಬರಿಯೋರೂ ಎಡವೋ ಜಾಗ ಇದು ಅಂತ ಕೇಳಿ ಮಂಜು ಅವರ ಬಿಗಿದಿದ್ದ ಭುಜ ಸ್ವಲ್ಪ ಇಳೀತು.

ಕೌನ್ಸೆಲಿಂಗ್ ಕೆಲ್ಸಕ್ಕೆ ಬರೋಕ್ ಮುಂಚೆ ನಾನು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳ್ಕೊಡ್ತಿದ್ದೆ. ಹಾಗಾಗಿ ಹಳೇ ಮೇಲ್‌ಗಳನ್ನ, ಹೆಸ್ರೆಲ್ಲ ತೆಗೆದು, ಕೈಯಲ್ಲಿ ಬರ್ಕೊಂಡು ಬನ್ನಿ ಅಂದೆ. ಇಬ್ರೂ ಕೂತು ಕೆಂಪು ಪೆನ್ನಲ್ಲಿ ಗುರುತು ಹಾಕಿದ್ವಿ. ಅರ್ಧಕ್ಕಿಂತ ಜಾಸ್ತಿ ಕಾಮಾ ಸರಿಯಾಗೇ ಇದ್ವು! ತಪ್ಪಾಗಿದ್ದೆಲ್ಲ ಮೂರೇ ಥರ.

ಒಂದು, ಈ 'ಹೂ' (who) ವಿಷ್ಯ. ಕನ್ನಡದಲ್ಲಿ "ನೈಟ್ ಶಿಫ್ಟಲ್ಲಿರೋ ಎಂಜಿನಿಯರ್‌ಗಳು" ಅಂತ ವಿಶೇಷಣ ಮುಂದೆ ಬಂದ್ಬಿಡತ್ತೆ, ಎಲ್ಲರೂನಾ ಕೆಲವ್ರಾ ಅನ್ನೋದನ್ನ ಕಾಮಾ ಹೇಳೋ ಪದ್ಧತಿನೇ ನಮಗಿಲ್ಲ. 'ಹೂ'ಯಿಂದ ಶುರುವಾಗೋ ಭಾಗ ಕಿತ್ತಾಕಿ ಓದಿ, ಯಾರ ಬಗ್ಗೆ ಅನ್ನೋದು ಕೆಡದೇ ಇದ್ರೆ ಎರಡೂ ಕಡೆ ಕಾಮಾ, ಕೆಟ್ರೆ ಎರಡೂ ಬೇಡ ಅಂದೆ.

ಇನ್ನೊಂದು ಇದಕ್ಕಿಂತ ಜಾಸ್ತಿ ಇತ್ತು: "ಐ ಚೆಕ್ಡ್ ದಿ ಸರ್ವರ್, ದಿ ಕೇಬಲ್ ವಾಸ್ ಲೂಸ್." ನಾವು "ಹೋಗಿ, ನೋಡಿ, ಕೇಬಲ್ ಹಾಕಿ ಬಂದೆ" ಅಂತ ಸರಾಗವಾಗಿ ಪೋಣಿಸ್ತೀವಿ, ಪೂರ್ತಿ ಕ್ರಿಯಾಪದ ಕೊನೇಲಿ ಒಂದೇ. ಇಂಗ್ಲಿಷಲ್ಲಿ ಅಲ್ಲಿ ಎರಡು ಪೂರ್ತಿ ವಾಕ್ಯ ಇದೆ, ಬರೀ ಕಾಮಾ ಅವನ್ನ ಹಿಡ್ಕೊಳ್ಳಲ್ಲ, ಫುಲ್‌ಸ್ಟಾಪ್ ಇಡಿ, ಇಲ್ಲಾಂದ್ರೆ ಕಾಮಾ ಆದ್ಮೇಲೆ 'ಆಂಡ್', 'ಬಟ್' ಸೇರಿಸಿ. ನಿಮ್ಮ ಕನ್ನಡ ಗಟ್ಟಿಯಾಗಿರೋದ್ರಿಂದ ಬಂದ ತಪ್ಪು ಇದು, ದಡ್ಡತನ ಅಲ್ಲ ಅಂದಾಗ ಮಂಜು ತುಂಬಾ ಹೊತ್ತು ಮಾತಾಡ್ಲಿಲ್ಲ.

ಮೂರನೇದು, ಸ್ಕೂಲಲ್ಲಿ "ಉಸಿರು ತಗೊಳ್ಳೋ ಕಡೆ ಕಾಮಾ ಹಾಕಿ" ಅಂದಿದ್ರಂತೆ. ಅದಕ್ಕೇ ಉದ್ದ ಕರ್ತೃಪದ ಬಂದ ಕಡೆಯೆಲ್ಲ ಅದಾದ್ಮೇಲೆ ಕಾಮಾ ಬಿದ್ದು ಕ್ರಿಯಾಪದ ಬೇರೆ ಆಗಿತ್ತು. ಉಸಿರು ಮರ್ತು ಕ್ರಿಯಾಪದ ಹುಡುಕಿ ಅಂದೆ.

ಮೇಲ್ ಬರೆದ್ಮೇಲೆ ಹತ್ತು ನಿಮಿಷಕ್ಕೆ ಅಲಾರಂ, ಈ ಮೂರು ಮಾತ್ರ ನೋಡೋದು, ಅಲಾರಂ ಹೊಡೆದ ತಕ್ಷಣ ತಾವೇ ಕಳ್ಸೋದು. ದಿನಕ್ಕೆ ಒಂದ್ರಿಂದ ಶುರು. ಮ್ಯಾನೇಜರ್ ಹತ್ರ ಹೋಗಿ "ಸರ್, ತಪ್ಪಿದ್ರೆ ನನಗೊಬ್ಬನಿಗೇ ಹೇಳಿ" ಅಂತ ಕೇಳೋದನ್ನ ನನ್ನ ಮುಂದೆ ಎರಡು ಸಲ ಹೇಳಿ ಪ್ರಾಕ್ಟೀಸ್ ಮಾಡಿದ್ರು. ಕೇಳೋಕೆ ಎರಡು ವಾರ ಹಿಡೀತು, ಅವರು ಒಪ್ಕೊಂಡ್ರು.

ನಾಲ್ಕನೇ ಭೇಟಿಲಿ ಹೊಸ ಮೇಲ್ ಒಂದನ್ನ ಬರ್ಕೊಂಡು ತಂದಿದ್ರು. ನಾನು ಪೆನ್ ತೆಗೆಯೋಕ್ ಮುಂಚೆನೇ "ಮೇಡಂ, ಮೂರನೇ ಸಾಲಲ್ಲಿ ಒಂದು ಕಾಮಾ ಉಸಿರಿಂದ ಬಂದಿದೆ, ಕಳ್ಸಿದ್ಮೇಲೆ ಕಾಣಿಸ್ತು, ಆದ್ರೂ ರಾತ್ರಿ ನಿದ್ದೆ ಬಂತು" ಅಂದ್ರು.