ಡ್ರಾಪ್ಸ್ ಹಾಕಿದರೂ ಕಣ್ಣುರಿ ಯಾಕೆ?

ಕಣ್ಣು ಒಣಗುತ್ತದೆ ಅಂತ ಡ್ರಾಪ್ಸ್ ಹಾಕಿದರೂ ಉರಿ ಹೋಗಿಲ್ಲ, ಬೆಳಗ್ಗೆ ಉರಿ ಜಾಸ್ತಿ, ಗಾಳಿಗೆ ಕಣ್ಣಲ್ಲಿ ನೀರು ಅಂದಿದ್ದೀರಲ್ಲ, ಅದು ಬಹುಶಃ ಒಣಕಣ್ಣಿನ ತೊಂದರೆಯಲ್ಲಿ ಕಣ್ಣೀರು ಬೇಗ ಆರಿಹೋಗುವ ಬಗೆ. ರೆಪ್ಪೆಯಂಚಿನಲ್ಲಿ ಎಣ್ಣೆ ಒಸರುವ ಮೈಬೋಮಿಯನ್ ಗ್ರಂಥಿಗಳಲ್ಲಿ ಆ ಎಣ್ಣೆ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ. ಆ ಎಣ್ಣೆಯ ಪದರ ಇಲ್ಲದೆ ನೀರು ಕಣ್ಣಲ್ಲಿ ನಿಲ್ಲುವುದಿಲ್ಲ. ಸುಮ್ನೆ ಡ್ರಾಪ್ಸ್ ಹಾಕಿದರೆ ಸಾಲದು.

ಮೊದಲು ಹಿತವಾದ ಬಿಸಿಯ ಒದ್ದೆ ಬಟ್ಟೆಯನ್ನು ಮುಚ್ಚಿದ ಕಣ್ಣ ಮೇಲೆ 10 ನಿಮಿಷ ಇಡಿ; ಬಟ್ಟೆಯ ಬಿಸಿ ಆರಿದರೆ ಮತ್ತೆ ಅದೇ ಹಿತವಾದ ಬಿಸಿ ನೀರಲ್ಲಿ ಅದ್ದಿ. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಮೆಲ್ಲಗೆ ನೀವಿ, ಅಂಚು ಒರೆಸಿ. ದಿನಕ್ಕೆ 2 ಸಲ, ಕೆಲವು ವಾರ. ಬೇಜಾರಿನ ಕೆಲಸವೇ, ಆದರೆ ಬಿಡಬೇಡಿ. ಡ್ರಾಪ್ಸ್ ಪದೇ ಪದೇ ಬೇಕಾದರೆ ಪ್ರಿಸರ್ವೇಟಿವ್ (ಕೆಡದಂತೆ ಸೇರಿಸುವ ರಾಸಾಯನಿಕ) ಇಲ್ಲದ್ದೇ ಇರಲಿ.

ಬಾಯಿಯೂ ಒಣಗಿ, ಕೀಲು ನೋವೂ ಇದ್ದರೆ ನನ್ನ ಊಹೆ ತಪ್ಪಿರಬಹುದು. ಆಗ ಕಣ್ಣೀರೇ ಕಡಿಮೆ ಇರಬಹುದು, ಕಾಗದದ ಪಟ್ಟಿಯಿಂದ ಕಣ್ಣೀರು ಅಳೆಯುವ ಶಿರ್ಮರ್ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ. ಕಣ್ಣು ನೋವು, ದೃಷ್ಟಿ ಮಂಜು ಶುರುವಾದರೆ ಕಾಯದೆ ಕಣ್ಣಿನ ಡಾಕ್ಟರಿಗೆ ತೋರಿಸಿ.