ದೆವ್ವ ಯಾವ ಗುಂಪಿಗೆ, ರಾಕ್ಷಸ ಯಾವ ಗುಂಪಿಗೆ?

ಪ್ರಶ್ನೆ: ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟಕ್ಕೆ ನಂದಿಬೆಟ್ಟದ ಸುತ್ತ ನಡೆಯುವ ಕಥೆ ಕಟ್ಟಿದ್ದೇನೆ. ಮೋಹಿನಿ, ಬ್ರಹ್ಮರಾಕ್ಷಸ, ರಾಕ್ಷಸ ಮೂರನ್ನೂ 'ಫೀಂಡ್' (ಕೆಳಲೋಕದ ದುಷ್ಟಜೀವಿ) ಎಂದು ಬರೆದುಕೊಂಡೆ. ಮೋಹಿನಿಯ ಮೇಲೆ ಕ್ಲೆರಿಕ್‌ನ (ಪೂಜಾರಿ ಪಾತ್ರದ) 'ಟರ್ನ್ ಅನ್‌ಡೆಡ್', ಅಂದರೆ ಸತ್ತೂ ಓಡಾಡುವವನ್ನು ಓಡಿಸುವ ಶಕ್ತಿ, ನಡೆಯಲಿಲ್ಲವೆಂದು ಆಟಗಾರರು ಜಗಳಕ್ಕೆ ಬಂದರು. ಹೇಗೆ ವಿಂಗಡಿಸಲಿ?
– ಓದುಗರು, ಚಿಂತಾಮಣಿ

ಉತ್ತರ: ಆಟಗಾರರ ವಾದ ಸರಿ. ಎಷ್ಟು ಕೆಟ್ಟದ್ದು ಎನ್ನುವುದಕ್ಕಿಂತ ಎಲ್ಲಿಂದ ಬಂತು ಎಂದು ಮೊದಲು ಕೇಳಿ. ಸತ್ತ ಮನುಷ್ಯರಿಂದ ಆದದ್ದು ಅನ್‌ಡೆಡ್. ಹಾಗಾಗಿ ಮೋಹಿನಿಯೂ, ಕಲಿತ ವಿದ್ಯೆಯನ್ನು ಕೆಡಿಸಿ ಸತ್ತ ಬ್ರಹ್ಮರಾಕ್ಷಸನೂ ಅಲ್ಲಿಗೇ ಸೇರಬೇಕು. ಹೆಸರಲ್ಲಿ 'ರಾಕ್ಷಸ' ಇದೆಯೆಂದು ಮೋಸಹೋಗಬೇಡಿ. ಕೆಳಲೋಕಗಳಲ್ಲೇ ಹುಟ್ಟಿದ್ದು ಫೀಂಡ್. ಇಲ್ಲಿ ಹೇಳುವುದೆಲ್ಲ 2014ರ ನಿಯಮಗಳಂತೆ; ಅವುಗಳಲ್ಲಿ ರಾಕ್ಷಸ ಅದೇ ಗುಂಪಿನವನು.

ಫೀಂಡ್‌ಗಳೊಳಗಿನ ಭೇದವೇ ಆಟಕ್ಕೆ ರುಚಿ. ಡೆವಿಲ್ ನವನರಕದ್ದು: ಕೆಟ್ಟದ್ದಾದರೂ ಕರಾರಿಗೆ ಕಟ್ಟುಬಿದ್ದದ್ದು, ಬೆಂಕಿ ತಾಗದು, ಬೆಳ್ಳಿ ಲೇಪಿಸಿದ ಆಯುಧ ಚುಚ್ಚುತ್ತದೆ. ಡೀಮನ್ ಅಬಿಸ್ ಎಂಬ ಪಾತಾಳದ್ದು: ಯಾವ ಕಟ್ಟಳೆಗೂ ಬಗ್ಗದು, ಬೆಳ್ಳಿಗೂ ಜಗ್ಗದು. ಒಂದು ಆಯುಧಕ್ಕೆ ಬೆಳ್ಳಿ ಲೇಪಿಸಲು 100 ಚಿನ್ನದ ನಾಣ್ಯ ಬೇಕು. ಎದುರಾಗುವುದು ಯಾವುದೆಂಬ ಸುಳಿವು ಕೊಡದೆ ಆ ಖರ್ಚು ಮಾಡಿಸುವುದು ಅನ್ಯಾಯ. ಫೀಂಡ್‌ಗಳಲ್ಲೇ ಇನ್ನೊಂದು ಬಗೆಯಾದ ಯುಗೊಲಾತ್‌ಗಳು ಕೂಲಿ ಸೈನಿಕರು, ಸದ್ಯಕ್ಕೆ ಬಿಡಿ.

ರಾಕ್ಷಸನ ವಿಷಯದಲ್ಲಿ ಎಚ್ಚರ: 6ನೇ ಹಂತದವರೆಗಿನ ಮಂತ್ರಗಳು ಅವನು ಒಪ್ಪದ ಹೊರತು ತಟ್ಟುವುದಿಲ್ಲ. ಒಳ್ಳೆಯವರ ಕೈಯ ಮಾಂತ್ರಿಕ ಬಾಣ, ಈಟಿಗಳಿಂದ ಮಾತ್ರ ದುಪ್ಪಟ್ಟು ಪೆಟ್ಟು. ಅಂಥದ್ದೊಂದು ಈಟಿಯನ್ನು ಮೊದಲೇ ಬೆಟ್ಟದ ಗುಡಿಯಲ್ಲಿಟ್ಟಿರಿ.

ಪ್ರತಿ ಜೀವಿಯ ಚೀಟಿಯ ಮೇಲ್ತುದಿಯಲ್ಲೇ ಗುಂಪಿನ ಹೆಸರು ಬರೆಯಿರಿ. ಪ್ಯಾಲಡಿನ್‌ನ (ಧರ್ಮಯೋಧ ಪಾತ್ರದ) 'ಡಿವೈನ್ ಸ್ಮೈಟ್' ಎಂಬ ದೈವಿಕ ಹೊಡೆತ ಅನ್‌ಡೆಡ್, ಫೀಂಡ್ ಎರಡಕ್ಕೂ ಇನ್ನೊಂದು ಎಂಟುಮುಖದ ದಾಳ ಹೆಚ್ಚು ಕೊಡುತ್ತದೆ. 'ಟರ್ನ್ ಅನ್‌ಡೆಡ್' ಅನ್‌ಡೆಡ್‌ಗೆ ಮಾತ್ರ.