ಮಾತಿನ ಮೂಲ: ಎಳ್ಳುನೀರು ಬಿಡುವುದೆಂದರೇನು?

ಪ್ರಶ್ನೆ: ‘ಆ ಯೋಜನೆಗೆ ಎಳ್ಳುನೀರು ಬಿಟ್ಟರು’ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಕೈಬಿಡುವುದಕ್ಕೂ ಎಳ್ಳಿಗೂ ಏನು ಸಂಬಂಧ? ‘ಧಾರೆಯೆರೆ’ ಎಂಬುದೂ ಇದೇ ಬಗೆಯ ಮಾತೇ?

ಉತ್ತರ: ಎರಡೂ ನುಡಿಗಟ್ಟುಗಳು ನೀರು ಬಿಡುವ ಕ್ರಿಯೆಯಿಂದಲೇ ಹುಟ್ಟಿದವು; ಆ ನೀರು ಯಾರಿಗೆ ಸಲ್ಲುತ್ತದೆ ಎಂಬಲ್ಲಿ ಅವುಗಳ ದಾರಿ ಕವಲೊಡೆಯುತ್ತದೆ. ತೀರಿಕೊಂಡ ಹಿರಿಯರಿಗೆ ತರ್ಪಣ ಕೊಡುವಾಗ ಎಳ್ಳು ಬೆರೆತ ನೀರನ್ನು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವಿನಿಂದ ಬಿಡುತ್ತಾರೆ. ಹೀಗೆ ಎಳ್ಳುನೀರು ಸತ್ತವರಿಗೆ ಸಲ್ಲುವಂಥದ್ದಾದ್ದರಿಂದ, ಒಂದು ಆಸೆಗೋ ಯೋಜನೆಗೋ ಅದನ್ನು ಬಿಟ್ಟರೆಂದರೆ ಅದು ಸತ್ತಿತೆಂದು ಒಪ್ಪಿಕೊಂಡರು ಎಂದೇ ಅರ್ಥ. ‘ತಿಲಾಂಜಲಿ’ ಎಂಬುದರ ಹಿನ್ನೆಲೆಯೂ ಇದೇ. ನಾಲ್ಕು ತಿಂಗಳು ಮುಂದೂಡಿದ ಕೆಲಸಕ್ಕೆಲ್ಲ ಎಳ್ಳುನೀರು ಬಿಟ್ಟರೆಂದು ಬರೆಯುವುದು ಆದ್ದರಿಂದ ನನಗೆ ಸರಿಕಾಣದು.

ಧಾರೆಯ ನೀರು ಬದುಕಿರುವವರಿಗೆ ಸೇರಿದ್ದು. ದಾನ ಕೊಡುವವರು ನೀರೆರೆದು ವಸ್ತುವಿನ ಮೇಲಿನ ತಮ್ಮ ಹಕ್ಕನ್ನು ಬಿಟ್ಟುಕೊಡುತ್ತಿದ್ದರು. ಭೂದಾನವನ್ನು ದಾಖಲಿಸುವ ಹಳಗನ್ನಡ ಶಾಸನಗಳಲ್ಲಿ ‘ಕಾಲಂ ಕರ್ಚಿ ಧಾರಾಪೂರ್ವಕಂ ಮಾಡಿ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಪಡೆಯುವವರ ಕಾಲು ತೊಳೆದು, ನೀರೆರೆದು ಕೊಟ್ಟರು ಎಂಬುದು ಅದರ ತಾತ್ಪರ್ಯ. ಮದುವೆಯ ಧಾರೆಯಲ್ಲಿ ಆ ಕ್ರಿಯೆ ಇಂದಿಗೂ ಉಳಿದುಬಂದಿದೆ. ‘ನಾಡಿಗಾಗಿ ಬದುಕನ್ನೇ ಧಾರೆಯೆರೆದರು’ ಎನ್ನುವಾಗ, ಕೊಟ್ಟದ್ದರ ಮೇಲೆ ಕೊಟ್ಟವರಿಗೆ ಇನ್ನಾವ ಹಕ್ಕೂ ಉಳಿಯಲಿಲ್ಲ ಎಂಬ ಗಟ್ಟಿಯಾದ ಅರ್ಥ ಅದರೊಳಗಿದೆ. ಬಹಳ ದುಡಿದರು ಎಂಬಷ್ಟಕ್ಕೆ ಅದನ್ನು ಇಳಿಸಿದರೆ ಮಾತಿನ ತೂಕ ಹೋಗುತ್ತದೆ.

ಪ್ರಶ್ನೆ: ‘ಕಾಕತಾಳೀಯ’ ಎಂಬ ಪದದಲ್ಲಿ ಕಾಗೆ ಎಲ್ಲಿಂದ ಬಂತು?

ಉತ್ತರ: ಕಾಕವೆಂದರೆ ಕಾಗೆ, ತಾಳವೆಂದರೆ ತಾಳೆ. ಕಾಗೆ ತಾಳೆಮರದ ಮೇಲೆ ಕೂರುವ ಹೊತ್ತಿಗೇ ಹಣ್ಣು ಬಿದ್ದಿತು ಎಂಬುದು ಕತೆ. ಬಿದ್ದ ಹಣ್ಣು ಕಾಗೆಯನ್ನೇ ಕೊಂದಿತು ಎಂಬ ಇನ್ನೊಂದು ಪಾಠವೂ ಇದೆ. ಪಾಣಿನಿಯ ಸೂತ್ರಗಳ ವ್ಯಾಖ್ಯಾನದಲ್ಲಿಯೇ ಈ ಪದ ಉದಾಹರಣೆಯಾಗಿ ಸಿಗುತ್ತದೆ, ಅದರ ಪಕ್ಕದಲ್ಲಿ ಮೇಕೆ ಮತ್ತು ಕತ್ತಿಯ ಆಕಸ್ಮಿಕವನ್ನು ಹೇಳುವ ‘ಅಜಾಕೃಪಾಣೀಯ’ವೂ ಇದೆ. ಎರಡು ಘಟನೆಗಳು ಒಟ್ಟಿಗೆ ನಡೆದರೂ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂಬುದೇ ಈ ಪದದ ಜೀವ. ‘ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು’ ಎಂಬ ನಮ್ಮ ಆಡುಮಾತು ಹೇಳುವುದೂ ಇದನ್ನೇ. ಹೀಗಿರುವಾಗ ‘ಇದು ಕೇವಲ ಕಾಕತಾಳೀಯವಲ್ಲ’ ಎಂದು ಬರೆಯುವವರು ಎರಡರ ನಡುವೆ ಕಾರಣಸಂಬಂಧವಿದೆ ಎಂದು ವಾದಿಸುತ್ತಿದ್ದಾರೆ. ಅದಕ್ಕೆ ಆಧಾರವನ್ನು ಒದಗಿಸುವ ಹೊಣೆಯೂ ಅವರದೇ.

ಪ್ರಶ್ನೆ: ಮೊಸಳೆ ನಿಜವಾಗಿಯೂ ಕಣ್ಣೀರು ಸುರಿಸುತ್ತದೆಯೇ?

ಉತ್ತರ: ಸುರಿಸುತ್ತದೆ, ಆದರೆ ದುಃಖದಿಂದಲ್ಲ. ಮೊಸಳೆಗೆ ಕಣ್ಣೀರಿನ ಗ್ರಂಥಿಗಳಿವೆ. ಕಣ್ಣನ್ನು ತೇವವಾಗಿಡುವುದು ಅವುಗಳ ಕೆಲಸ. ತಾನು ತಿನ್ನುವ ಮನುಷ್ಯನಿಗಾಗಿಯೇ ಮೊಸಳೆ ಅಳುತ್ತದೆ ಎಂಬ ನಂಬಿಕೆ ಮಧ್ಯಯುಗದ ಯುರೋಪಿನ ಬರಹಗಳಲ್ಲಿ ಕಾಣುತ್ತದೆ, ಕಪಟ ಕನಿಕರವೆಂಬ ಅರ್ಥ ಬೆಳೆದದ್ದು ಅದರಿಂದ. 2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಮೊಸಳೆಯ ಹತ್ತಿರದ ಬಂಧುಗಳಾದ ಅಲಿಗೇಟರ್ ಮತ್ತು ಕೈಮನ್‌ಗಳಿಗೆ ನೆಲದ ಮೇಲೆ ಆಹಾರ ಕೊಟ್ಟು ನೋಡಿದಾಗ, 7 ಪ್ರಾಣಿಗಳಲ್ಲಿ 5ರ ಕಣ್ಣುಗಳು ತಿನ್ನುವ ಹೊತ್ತಿನಲ್ಲಿ ಒದ್ದೆಯಾದವು. ತಿನ್ನುವಾಗ ಅವು ಬುಸುಗುಟ್ಟುವುದರಿಂದ ಗಾಳಿ ಒತ್ತಿ ಕಣ್ಣೀರು ಹೊರಬರಬಹುದೆಂದು ಸಂಶೋಧಕರು ಊಹಿಸಿದ್ದಾರೆ.